ಮುಕ್ಕಾಲು ತಾಸಿನ ಸಿನಿಮಾ

ಮೆಹರ್ ಆಪಾ ಒಂದು ಸಿನಿಮಾವನ್ನೂ ಕೊನೆಯ ತನಕ ನೋಡಿದವರಲ್ಲ. ಹಾಗಂತ ಅಭಿಪ್ರಾಯ ಹೇಳದೆ ಬಿಟ್ಟವರೂ ಅಲ್ಲ. ಸಿನಿಮಾ ಶುರುವಾದ ಎಷ್ಟು ಹೊತ್ತಿಗೆ ತಮಗೆ ನಿದ್ದೆ ಬಂತು ಎಂಬುದೇ ಅವರ ಅಳತೆ. ‘ಅರ್ಧ ತಾಸಿಂದು’ ಎಂದರೆ ಕೆಲಸಕ್ಕೆ ಬಾರದ್ದು. ‘ಮುಕ್ಕಾಲು ತಾಸಿಂದು’ ಎಂದರೆ ಪರವಾಗಿಲ್ಲ, ನೋಡಬಹುದು. ನಾವು ಜೊತೆಗೆ ಓಡಾಡಿದ ಮೂರು ವರ್ಷಗಳಲ್ಲಿ ‘ದೀಡ್ ತಾಸಿಂದು’, ಅಂದರೆ ಒಂದೂವರೆ ತಾಸಿನದು, ಅನ್ನಿಸಿಕೊಂಡದ್ದು ಒಂದೇ ಒಂದು ಸಿನಿಮಾ. ಅದಕ್ಕೂ ಆಮೇಲೆ ತಿದ್ದುಪಡಿ ಬಂತು: “ಅವತ್ತ ಮಧ್ಯಾಹ್ನ ಸ್ವಲ್ಪ ಮಲ್ಕೊಂಡಿದ್ದೆ ಟೀಚರ್. ಅದಕ್ಕ ಇರಬೇಕು.”

ನಾನು ಜೇವರ್ಗಿಯಿಂದ ನೆಲೋಗಿಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಆಪಾ ಅದೇ ಬಸ್ಸಿಗೆ ಬರುತ್ತಿದ್ದ ನರ್ಸು. ಆ ಕಡೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಬಸುರಿಯರನ್ನು ನೋಡುವುದು, ಕೂಸುಗಳಿಗೆ ಲಸಿಕೆ ಹಾಕುವುದು ಅವರ ಕೆಲಸ. ಹುಟ್ಟಿದ ಊರು ಅಫಜಲಪುರ, ಮದುವೆಯಾಗಿ ಬಂದದ್ದು ಜೇವರ್ಗಿಗೆ. ನಿವೃತ್ತಿಗೆ ಇನ್ನೂ ಮೂರ್ನಾಲ್ಕು ವರ್ಷವಿತ್ತು. ಬಸ್ಸಿನಲ್ಲಿ ಕಂಡಕ್ಟರ್‌ನಿಂದ ಹಿಡಿದು ಕಾಲೇಜಿನ ಹುಡುಗಿಯರವರೆಗೆ ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ.

ಮೊದಲ ದಿನ ನನ್ನ ಪಕ್ಕ ಕುಳಿತವರೇ ಲಸಿಕೆಯ ನೀಲಿ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟರು. ಏಪ್ರಿಲ್ ತಿಂಗಳು. ಕಿಟಕಿಯಿಂದ ಬರುತ್ತಿದ್ದ ಗಾಳಿ ಬೆಳಿಗ್ಗೆಯೇ ಸುಡುತ್ತಿತ್ತು.

“ಹಿಡ್ಕೊಳ್ರಿ ಟೀಚರ್. ಒಳಗ ಬರ್ಫ ಅದ. ನಿಮಗೂ ತಂಪು, ನನಗೂ ಕೈ ಖಾಲಿ.”

ಖಾಲಿಯಾದ ಆ ಕೈಗಳನ್ನು ಆಡಿಸುತ್ತ, ಹಿಂದಿನ ದಿನ ನೋಡಿದ್ದನ್ನು ಹೇಳಲು ಶುರು ಮಾಡಿದರು. ಆಮೇಲೆ ಅದು ನಿಲ್ಲಲಿಲ್ಲ.

ಅವರ ಟೀಕೆಯೆಲ್ಲ ಅವರ ಕಸುಬಿನ ಟೀಕೆ. ನಾಯಕ, ನಾಯಕಿ, ಪ್ರೀತಿ, ಸೇಡು ಇವು ಅವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. “ಐವತ್ತು ಮಂದಿಗಿ ಹೊಡದು ಹಾಕಿ ಆ ಹೀರೋ ಹಾಡು ಹಾಡಾಕ ಹೋದ. ಬಿದ್ದವ್ರಿಗಿ ಪಟ್ಟಿ ಕಟ್ಟೋರು ಯಾರ್ರಿ? ಆ ಊರಾಗ ಒಬ್ಬಾಕಿ ನರ್ಸರೇ ಬ್ಯಾಡೇನು?” ಇನ್ನೊಂದು ದಿನ ಹೆರಿಗೆಯ ದೃಶ್ಯ. “ಒಂದು ಹಾಡು ಮುಗಿಯೂದ್ರಾಗ ಹಡದಾಳ. ಹೋಗ್ಲಿ ಬಿಡ್ರಿ. ಕೂಸಿಗಿ ತಂದು ಬಾಜೂಕ ಮಲಗಿಸಿದ್ರು. ಯಾ ಅಲ್ಲಾ, ಅದು ಹುಟ್ಟಿದ ಕೂಸೇನ್ರಿ? ಕುತಿಗಿ ನಿಂತಾದ, ಎದುರಿದ್ದವ್ರಿಗಿ ನೋಡಿ ನಗಾಕತ್ತಾದ! ಮೂರು ಡೋಸ್ ಮುಗಿಸಿದ ಕೂಸು ಅದು. ಬ್ಯಾರೇದವ್ರಿಗಿ ಮೋಸ ಮಾಡ್ಲಿ, ನನಗ ಮಾಡಂಗಿಲ್ಲ.” ಬಸ್ಸಿನ ಅರ್ಧ ಮಂದಿ ನಗುತ್ತಿದ್ದರು. ಆಪಾ ನಗುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಸಿಟ್ಟು ಬಂದಿರುತ್ತಿತ್ತು.

ಪ್ರತಿ ಕಥೆಯೂ ಎಲ್ಲೋ ಒಂದು ಕಡೆ ತಟ್ಟನೆ ನಿಲ್ಲುತ್ತಿತ್ತು. “ಅಲ್ಲಿಗಿ ನನಗ ನಿದ್ದಿ ಹತ್ತಿತು” ಎಂದು ಕೈ ಕೊಡವುತ್ತಿದ್ದರು.

“ಮತ್ತ ಯಾಕ ನೋಡ್ತೀರಿ ಆಪಾ? ಸುಮ್ಮನ ಮಲ್ಕೋಬಾರದೇನು?” ಎಂದು ಒಮ್ಮೆ ಕೇಳಿದೆ.

“ನಾ ಎಲ್ಲಿ ನೋಡ್ತೇನ್ರಿ? ಅವರಿಗಿ ತೋರಸ್ತೇನಿ.”

ಹೀಗೆ ಅವರ ಯಜಮಾನರ ವಿಷಯ ಬಂತು. ಪಂಪಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದವರು. ಭಾರೀ ಮಾತಿನ ಮನುಷ್ಯ. ಸುಟ್ಟ ಮೋಟಾರು ತಂದ ರೈತರು ಮೋಟಾರು ತಯಾರಾದ ಮೇಲೂ ಅವರ ಮಾತಿಗೆ ಕೂರುತ್ತಿದ್ದರಂತೆ. ಒಂದು ದಿನ ಅಂಗಡಿಯಲ್ಲೇ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಜೊತೆಗೆ ಮಾತೂ ಹೋಯಿತು. ಹಗಲು ಹೊತ್ತು ಆಪಾನ ನಾದಿನಿ ನೋಡಿಕೊಳ್ಳುತ್ತಿದ್ದಳು. ಕತ್ತಲಾದ ಮೇಲೆ ಆಪಾ ಗಂಡನಿಗೆ ಉಣಿಸಿ, ಮೈ ಒರೆಸಿ, ಮೊಬೈಲನ್ನು ನೀರಿನ ತಂಬಿಗೆಗೆ ಒರಗಿಸಿ ಸಿನಿಮಾ ಹಚ್ಚುತ್ತಿದ್ದರು. ಯಜಮಾನರು ಕೊನೆಯ ತನಕ ನೋಡುತ್ತಿದ್ದರು. ಬೆಳಿಗ್ಗೆ ಐದಕ್ಕೆ ಎದ್ದ ಆಪಾ ಮಂಚಕ್ಕೆ ತಲೆ ಆನಿಸಿ ನಿದ್ದೆ ಹೋಗುತ್ತಿದ್ದರು.

“ಕಡೀಕ ಏನಾಯ್ತಂತ ಅವರಿಗಿ ಗೊತ್ತಿರ್ತದ. ಹೇಳಾಕ ಬಾಯಿಲ್ಲ. ನನಗ ಬಾಯದ, ನೋಡಾಕ ಕಣ್ಣಾಗ ಜೀವಿಲ್ಲ. ಹಿಂಗದ ನೋಡ್ರಿ ನಮ್ಮ ಜೋಡಿ” ಎಂದು ಹೇಳಿ, ಹೊರಗೆ ಕಂಡ ಹತ್ತಿಯ ಹೊಲ ಈ ಸಲ ಚಲೋ ಬಂದಿದೆಯೋ ಇಲ್ಲವೋ ಎಂದು ವಿಚಾರಿಸಿದರು.

ಅದಾದ ಮೇಲೆ ಕಥೆ ನಿಂತಲ್ಲಿ ನನ್ನ ಕಡೆ ತಿರುಗುವುದು ರೂಢಿಯಾಯಿತು. “ನೀವು ನೋಡೀರೇನ್ರಿ ಅದನ್ನ? ಕಡೀಕ ಏನಾತು?” ಕೆಲವನ್ನು ನಾನು ನೋಡಿರುತ್ತಿದ್ದೆ, ಕೆಲವನ್ನು ಶಾಲೆಯ ಮಕ್ಕಳ ಬಾಯಲ್ಲಿ ಕೇಳಿರುತ್ತಿದ್ದೆ. ಗೊತ್ತಿದ್ದಷ್ಟು ಹೇಳುತ್ತಿದ್ದೆ. ಅವರು ಅದನ್ನು ಸಂಜೆ ಮನೆಗೆ ಒಯ್ದು ಗಂಡನೆದುರು ಒಪ್ಪಿಸುತ್ತಿದ್ದರು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನನಗೆ ಸಾಕುಸಾಕಾಗಿತ್ತು. ಹತ್ತನೆಯ ತರಗತಿಯ ಪರೀಕ್ಷೆಯ ಓಡಾಟ ಒಂದು ಕಡೆ, ಮನೆಯಲ್ಲಿ ಅತ್ತೆಯವರ ಮೊಣಕಾಲು ನೋವು ಇನ್ನೊಂದು ಕಡೆ. ಬಸ್ಸಿನಲ್ಲಿ ಅರ್ಧ ತಾಸು ಕಣ್ಣು ಮುಚ್ಚಿದರೆ ಸಾಕೆಂದು ಕುಳಿತಿದ್ದೆ. ಇಬ್ಬರು ಅಣ್ಣತಮ್ಮಂದಿರು ಒಂದು ಬಾವಿಗಾಗಿ ಜಗಳಾಡುವ ಸಿನಿಮಾದ ಕಥೆಯನ್ನು ಆಪಾ ಹೇಳಿ, ಕೋರ್ಟಿನಲ್ಲಿ ತೀರ್ಪು ಬರುವ ಹೊತ್ತಿಗೆ ನಿಲ್ಲಿಸಿದರು.

“ಕಡೀಕ ಏನಾತು ಟೀಚರ್?”

ಆ ಸಿನಿಮಾದ ಹೆಸರನ್ನೂ ನಾನು ಕೇಳಿರಲಿಲ್ಲ. ಗೊತ್ತಿಲ್ಲ ಎಂದರೆ ಮಾತು ಬೆಳೆಯುತ್ತದೆ. “ಇಬ್ಬರೂ ಅದೇ ಬಾವಿಗಿ ಬಿದ್ದು ಸತ್ತರು” ಎಂದು ಹೇಳಿ ಕಣ್ಣು ಮುಚ್ಚಿದೆ.

ಮರುದಿನ ಆಪಾ ಬಸ್ಸು ಹತ್ತಿದಾಗ ಅವರ ಮುಖ ನೋಡಿಯೇ ನನ್ನ ಸುಳ್ಳು ಸಿಕ್ಕಿಬಿದ್ದಿದೆ ಎಂದು ತಿಳಿಯಿತು. ಡಬ್ಬಿಯನ್ನು ನನ್ನ ತೊಡೆಗೆ ಕೊಡಲಿಲ್ಲ. ತಾವೇ ಹಿಡಿದುಕೊಂಡು ಕುಳಿತರು. ಟಿಕೆಟ್ ತೆಗೆಸಿದ ಮೇಲೆ ಹೇಳಿದರು: “ನಿನ್ನಿ ಅವರ ಮುಂದ ಹೇಳಿದೆ. ಇಬ್ಬರೂ ಬಾವಿಗಿ ಬಿದ್ರಂತ್ರಿ ಅಂತ. ಅವರು ನನ್ನ ಕಡೆ ಹಿಂಗ ನೋಡಿದ್ರು. ಆಮ್ಯಾಲ ನಕ್ಕರು.”

ನಾನು ಏನೋ ತಪ್ಪಾಯಿತು ಎನ್ನಲು ಹೋದೆ.

“ಸುಮ್ನಿರ್ರಿ. ವರ್ಷದ ಮ್ಯಾಲಾಗಿತ್ತು ಆ ಮನುಷ್ಯಾ ನಕ್ಕು. ಬಾಯಿ ಸೊಟ್ಟಗಾಗ್ಯಾದಲ್ಲ, ಮೊದಲ ನನಗ ಅಳಾಕತ್ತಾರೇನೋ ಅನ್ನಿಸ್ತು. ಹೊಟ್ಟಿ ಅಳ್ಳಾಡೂದು ನೋಡಿ ತಿಳೀತು.” ಎಡಗೈಯ ಎರಡು ಬೆರಳುಗಳನ್ನು ಒಂದಕ್ಕೊಂದು ಕೂಡಿಸಿ ತೋರಿಸಿದರು. “ಹಿಂಗ ಮಾಡಿ ತೋರ್ಸಿದ್ರು. ಅಣ್ಣ ತಮ್ಮ ಒಂದಾದ್ರಂತ. ಬಾವಿ ತುಂಬ ನೀರು ಬಂತಂತ. ಇಷ್ಟು ಹೇಳಾಕ ಒಂದು ತಾಸು ಹಿಡೀತು. ಬೆವತು ಹೋಗಿದ್ರು.”

ಆಮೇಲೆ ಡಬ್ಬಿಯನ್ನು ನನ್ನ ತೊಡೆಗಿಟ್ಟು, “ಇವತ್ತಿಂದ ಖರೇ ಹೇಳಬ್ಯಾಡ್ರಿ” ಎಂದರು.

ಹಾಗೆ ಸುಮಾರು ಎರಡು ವರ್ಷ ನಾನು ಪ್ರತಿ ಬೆಳಿಗ್ಗೆ ಒಂದು ಸುಳ್ಳು ಕೊನೆಯನ್ನು ಕಟ್ಟಿ ಕೊಟ್ಟೆ. ಊರನ್ನೇ ಸುಡುತ್ತೇನೆಂದ ಖಳನಾಯಕ ಯಡ್ರಾಮಿಯಲ್ಲಿ ಮಿರ್ಚಿ ಭಜಿಯ ಅಂಗಡಿ ಇಟ್ಟ. ಇಬ್ಬರು ನಾಯಕರ ನಡುವೆ ಸಿಕ್ಕಿಕೊಂಡ ನಾಯಕಿ ಇಬ್ಬರನ್ನೂ ಬಿಟ್ಟು ಬಿ.ಎಡ್. ಓದಲು ಹೋದಳು. ಸಿನಿಮಾ ನೋಡಿರಬೇಕೆಂಬ ಕಟ್ಟಳೆಯೂ ಈಗ ಇರಲಿಲ್ಲ. ಆಪಾ ಕೆಲವೊಮ್ಮೆ ನನ್ನ ಸುಳ್ಳನ್ನು ತಿರಸ್ಕರಿಸುತ್ತಿದ್ದರು: “ಇದು ನಡ್ಯಂಗಿಲ್ಲ. ಇದಕ್ಕ ಅವರು ಬರೇ ತಲಿ ಅಳ್ಳಾಡಸ್ತಾರ. ಸಿಟ್ಟ ಬರೂವಂಥಾದ್ದು ಹೇಳ್ರಿ.” ಸಿಟ್ಟು ಬಂದರೆ ಯಜಮಾನರು ಎಡಗೈಯಿಂದ ಹೆಚ್ಚು ಹೊತ್ತು ವಾದಿಸುತ್ತಿದ್ದರಂತೆ. ಹಾಗೆ ವಾದಿಸುವಾಗ ಗಂಟಲಿನಿಂದ ಏನೋ ಸದ್ದು ಬರಲು ಶುರುವಾಗಿದೆ ಎಂದು ಆಪಾ ಒಂದು ದಿನ ಹೇಳಿದರು.

“ಐತಾರ ಮನಿಗಿ ಬರ್ರಿ ಟೀಚರ್. ನಿಮ್ಮನ್ನ ನೋಡಬೇಕಂತ. ಕೈ ಮಾಡಿ ಮಾಡಿ ಕೇಳ್ತಾರ.”

“ಬರ್ತೇನಿ ಆಪಾ. ಈ ಐತಾರ ಆಗಂಗಿಲ್ಲ.”

ಅವರ ಮನೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ನಮ್ಮ ಮನೆಯಿಂದ ಹದಿನೈದು ನಿಮಿಷದ ದಾರಿ. ಆದರೆ ವಾರವಿಡೀ ಬಸ್ಸಿನಲ್ಲಿ ಅಲುಗಿದ ಮೈಗೆ ಭಾನುವಾರ ಬಂದರೆ ಹೊಸ್ತಿಲು ದಾಟುವುದು ಬೇಡವೆನ್ನಿಸುತ್ತಿತ್ತು. ಬಟ್ಟೆಯ ರಾಶಿ ಒಗೆದು, ಅತ್ತೆಯವರ ಕಾಲಿಗೆ ಎಣ್ಣೆ ತಿಕ್ಕಿ ಗೋಡೆಗೆ ಒರಗಿದರೆ ಸಂಜೆಯಾಗಿರುತ್ತಿತ್ತು. ಮುಂದಿನ ಭಾನುವಾರ ಎನ್ನುತ್ತಿದ್ದೆ. ಆಪಾ ಬೇಸರ ಮಾಡಿಕೊಳ್ಳದೆ ಮತ್ತೆ ಕರೆಯುತ್ತಿದ್ದರು.

ಕಳೆದ ವರ್ಷ ತೊಗರಿ ಹೂಬಿಟ್ಟ ದಿನಗಳು. ಮನೆ ಬಿಟ್ಟು ಹೋದ ಮಗಳನ್ನು ದೊಡ್ಡ ಶಹರದಲ್ಲಿ ಹುಡುಕುವ ಒಬ್ಬ ತಾಯಿಯ ಸಿನಿಮಾ ಅವತ್ತಿನದು. “ಒಂದು ತಾಸಿಂದು, ಚಲೋ ಅದ” ಎಂದು ಆಪಾ ಸರ್ಟಿಫಿಕೇಟು ಕೊಟ್ಟಿದ್ದರು. ತಾಯಿ ರೈಲ್ವೆ ಸ್ಟೇಷನ್ನಿನಲ್ಲಿ ಚಹಾ ಮಾರುತ್ತ ಬಂದುಹೋಗುವವರ ಮುಖ ನೋಡುತ್ತ ಕೂರುತ್ತಾಳೆ. ಅಲ್ಲಿಗೆ ಅವರಿಗೆ ನಿದ್ದೆ. ಮುಂದಿನದನ್ನು ನಾನು ಕಟ್ಟಲು ಶುರು ಮಾಡಿದ್ದೆ: ಆಕೆಯ ಚಹಾ ಬಹಳ ಹೆಸರಾಯಿತು, ಮಂತ್ರಿಗಳೂ ಬಂದು ಕುಡಿದರು. ಆಗ ಆಪಾಗೆ ಫೋನು ಬಂತು. ನಾದಿನಿ ಮಾತಾಡುತ್ತಿದ್ದಳು. ಅಳುವಿನ ಸದ್ದು ನನಗೂ ಕೇಳಿಸಿತು.

“ಉಸುರು ಹೆಂಗ ಬರಾಕತ್ತಾದ? ಮಗ್ಗಲಕ್ಕ ಮಲಗಿಸು. ನೀರು ಹಾಕಬ್ಯಾಡ. ಆಂಬುಲೆನ್ಸಿಗಿ ಫೋನ್ ಹಚ್ಚಲಿಕ್ಕ ಹೇಳು” ಎಂದು ಆಪಾ ನರ್ಸಿನ ದನಿಯಲ್ಲಿ ಹೇಳಿದರು. ಫೋನು ಕೆಳಗಿಟ್ಟ ಮೇಲೆ ಆ ದನಿ ಇರಲಿಲ್ಲ. “ಗಾಡಿ ನಿಂದ್ರಸ್ರಿ” ಎಂದದ್ದು ಡ್ರೈವರನಿಗೆ ಕೇಳಿಸಲೇ ಇಲ್ಲ. ನಾನು ಕೂಗಿದೆ.

ಇಬ್ಬರೂ ಇಳಿದೆವು. ಅತ್ತಿತ್ತ ತೊಗರಿ ಹೊಲ, ಒಂದು ಮನೆಯಿಲ್ಲ. ಹೊರಳಿ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಎರಡು ಕಾರು ನಿಲ್ಲದೆ ಹೋದವು. ಕೊನೆಗೆ ಹತ್ತಿ ತುಂಬಿಕೊಂಡು ಜೇವರ್ಗಿ ಕಡೆ ಹೊರಟಿದ್ದ ಗೂಡ್ಸ್ ಆಟೋದವನು ಆಪಾನ ಗುರುತು ಹಿಡಿದು ನಿಲ್ಲಿಸಿದ. ಅವನ ಮಗಳ ಹೆರಿಗೆ ಇವರೇ ಮಾಡಿಸಿದ್ದಂತೆ. ಡ್ರೈವರನ ಪಕ್ಕದ ಇಕ್ಕಟ್ಟಿನಲ್ಲಿ ಇಬ್ಬರೂ ಕುಳಿತೆವು. ಆಪಾ ಡಬ್ಬಿಯನ್ನು ಎದೆಗೊತ್ತಿ ಹಿಡಿದಿದ್ದರು.

“ಹೇಳ್ರಿ ಟೀಚರ್” ಎಂದರು.

“ಏನು ಆಪಾ?”

“ಅರ್ಧಕ್ಕ ನಿಲ್ಸಿರಲ್ಲ. ಆ ತಾಯಿದು. ಹೇಳ್ರಿ. ಸುಮ್ಮನ ಕುಂತ್ರ ನನಗ ಆಗಂಗಿಲ್ಲ.”

ಮಂತ್ರಿಗಳ ಚಹಾವನ್ನು ಮುಂದುವರಿಸುವುದು ಸಾಧ್ಯವಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ: ಒಂದು ದಿನ ಮಗಳೇ ಬಂದು ಚಹಾ ಕೇಳಿದಳು. ತಾಯಿ ಕೈ ನೋಡಿ ಗುರುತು ಹಿಡಿದಳು. ಇಬ್ಬರೂ ಜಗಳಾಡಲಿಲ್ಲ, ಅಳಲೂ ಇಲ್ಲ. ಅದೇ ದಿನದ ಗಾಡಿಗೆ ಊರಿಗೆ ಬಂದರು. ಮಗಳು ಒಲೆ ಹೊತ್ತಿಸಿದಳು, ತಾಯಿ ರೊಟ್ಟಿ ಬಡಿದಳು. ಉಂಡು ಮಲಗಿದರು.

ಆಪಾ ಮುಂದಿನ ಗಾಜಿನ ಕಡೆ ನೋಡುತ್ತಲೇ ಕೇಳಿದರು. ಮುಗಿದ ಮೇಲೆ, “ಇದಕ್ಕ ಅವರು ನಗಂಗಿಲ್ರಿ” ಎಂದರು.

ನಾವು ಮನೆ ಮುಟ್ಟಿದಾಗ ಬಾಗಿಲಲ್ಲಿ ಚಪ್ಪಲಿಗಳು ಸೇರಿದ್ದವು. ಎರಡು ವರ್ಷ ನಾನು ದಿನಾ ಯಾರಿಗಾಗಿ ಕಥೆ ಕಟ್ಟಿದ್ದೆನೋ ಅವರ ಮುಖವನ್ನು ಅವತ್ತೇ ಮೊದಲು ನೋಡಿದೆ. ಬಿಳಿ ಗಡ್ಡದ, ತೆಳ್ಳಗಿನ ಮನುಷ್ಯ. ನಾನು ಯಾಕೋ ದಪ್ಪಗಿರುತ್ತಾರೆಂದು ತಿಳಿದಿದ್ದೆ.

ಗಂಡ ತೀರಿದವರು ಪಾಲಿಸುವ ಇದ್ದತ್‌ನಂತೆ ಆಪಾ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗಿದ್ದರು. ಮತ್ತೆ ಕೆಲಸಕ್ಕೆ ಬರಲಿಲ್ಲ, ಸ್ವಯಂ ನಿವೃತ್ತಿಗೆ ಬರೆದುಕೊಟ್ಟರು. ಆಳಂದದಲ್ಲಿರುವ ಮಗಳು ಕರೆದೊಯ್ಯಲು ಬಂದ ಭಾನುವಾರ ನಾನು ಹೋದೆ. ಸಾಮಾನು ತುಂಬಿದ ಟೆಂಪೋ ಓಣಿಯಲ್ಲಿ ನಿಂತಿತ್ತು. ಖಾಲಿ ಕೋಣೆಯಲ್ಲಿ ಚಾಪೆಯ ಮೇಲೆ ಕುಳಿತು ಚಹಾ ಕುಡಿದೆವು.

“ನಿಮಗೊಂದು ಮಾತು ಹೇಳಿಲ್ಲ ನಾ” ಎಂದರು ಆಪಾ. “ಕಡೀ ದಿನದಾಗ ಅವರಿಗಿ ಮೂರು ಮಾತು ಬರ್ತಿದ್ವು. ‘ಪಾನಿ’ ಅಂತಿದ್ರು. ‘ನೈ’ ಅಂತಿದ್ರು. ಮತ್ತ, ನಾ ಸಂಜೀಕ ಬಸ್ ಇಳದು ಮನಿಗಿ ಬಂದ್ ಕೂಡ್ಲೇ ‘ಝೂಟಿ’ ಅಂತಿದ್ರು. ನಿಮ್ಮ ಹೆಸರು ಅದು. ಸುಳ್ಳು ಹೇಳಾಕಿ ಇವತ್ತೇನಂದ್ಲು ಅಂತ ಕೇಳೂದು. ನಿಮಗ ಬ್ಯಾಸರಾದೀತಂತ ಹೇಳಿರಲಿಲ್ಲ.”

ಚಹಾದ ಕಪ್ಪನ್ನು ಕೆಳಗಿಟ್ಟೆ. “ಬರಬೇಕಾಗಿತ್ತು ಆಪಾ. ನಾ ಬರಲಿಲ್ಲ” ಎಂದೆ.

ಅವರು ಇರಲಿ ಬಿಡ್ರಿ ಎನ್ನುತ್ತಾರೆ ಎಂದುಕೊಂಡಿದ್ದೆ.

“ಹ್ವಾದ್ರಿ. ಬರಬೇಕಾಗಿತ್ತು” ಎಂದರು. ಆಮೇಲೆ ನನ್ನ ಮುಂಗೈ ಮೇಲೆ ಕೈಯಿಟ್ಟು, “ನೀವೂ ದಣದಿದ್ರಿ. ಅದೂ ಖರೇ” ಎಂದರು.

ಟೆಂಪೋದವನು ಹಾರ್ನು ಹಾಕಿದ. ಮಗಳು ಅವರನ್ನು ಮುಂದಿನ ಸೀಟಿಗೆ ಹತ್ತಿಸಿದಳು. ಆಪಾ ಕಿಟಕಿಯಿಂದ ಮುಖ ಹೊರಗೆ ಹಾಕಿ, “ಆಳಂದಕ್ಕ ಬರ್ರಿ ಟೀಚರ್. ಒಂದಿನ ಇರೂ ಹಂಗ ಬರ್ರಿ” ಎಂದರು.

“ಬರ್ತೇನಿ ಆಪಾ” ಎಂದೆ.

ಅದಾಗಿ ಏಳು ತಿಂಗಳಾದವು. ನಾನಿನ್ನೂ ಆಳಂದಕ್ಕೆ ಹೋಗಿಲ್ಲ.