ಎಡವಪ್ಪನ ಮೂರನೆಯ ಮೆಟ್ಟಿಲು

ಬಾಗಲಗುಂಟೆಯ ನಮ್ಮ ವಠಾರದ ಮೆಟ್ಟಿಲುಗಳಲ್ಲಿ ಮೂರನೆಯದು ಉಳಿದವಕ್ಕಿಂತ ಎರಡು ಬೆರಳು ಎತ್ತರ. ರಾಗಿ ಹೊಲದಲ್ಲಿ ಬಾಡಿಗೆ ಮನೆಗಳನ್ನು ಬೆಳೆದ ಓನರ್ ನಂಜಮ್ಮನವರು ಇಂಜಿನಿಯರನ ಹಂಗಿಲ್ಲದೆ ಕಟ್ಟಿಸಿದ್ದರ ಫಲ. ಹೊಸಬರು ಯಾರೇ ಹತ್ತಲಿ, ಅಲ್ಲಿ ಮುಗ್ಗರಿಸಲೇಬೇಕು, ವಠಾರ ನಗಲೇಬೇಕು. ಹಾಲುಕ್ಕಿಸುವುದಕ್ಕಿಂತ ನಮ್ಮಲ್ಲಿ ಇದೇ ಮುಖ್ಯ ಸಂಸ್ಕಾರ.

ಆ ಮೆಟ್ಟಿಲೇ ನನ್ನನ್ನು ಸಾಹಿತಿಯಾಗಿಸಿತು. ಟೀವಿಗೆ ಹಾಸ್ಯ ಬರೆಯುವವನನ್ನು ಸಾಹಿತಿ ಎನ್ನಬಹುದಾದರೆ. ಮೇಲಿನ ಮನೆಯ ಬಸವರಾಜ, ರಾಯಚೂರಿನಿಂದ ಬಂದು ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು, ಅಲ್ಲಿ ಬಿದ್ದ ಚೆಂದ ನೋಡಿಯೇ ಟೀವಿಗೆ ‘ಎಡವಪ್ಪ’ನ ಪಾತ್ರ ಬರೆದೆ, ಅವನೇ ನಟಿಸಿದ. ಆಮೇಲೆ ಅವನು ಬೀದಿಗಿಳಿದರೆ ಸಾಕು, ಜನ "ಗುರು, ಒಂದ್ಸಲ ಬೀಳು!" ಎನ್ನುವರು, ಬೀಳುವನು. ಯಂತ್ರದ ಸದ್ದಿನ ನಡುವೆ ಒಂಟಿಯಾಗಿದ್ದವನಿಗೆ ಆ ನಗುವೇ ಊರ ತುಂಬ ನೆಂಟರನ್ನು ಕೊಟ್ಟಿತ್ತು.

ಅಷ್ಟರಲ್ಲಿ ಎಡವಪ್ಪನಿಗೆ ಸಿನಿಮಾ ವಕ್ಕರಿಸಿತು. ವೈಟ್‌ಫೀಲ್ಡಿನ ಗಾಜಿನ ಕಚೇರಿಯಲ್ಲಿ ನಿರ್ಮಾಪಕ ಮಹಾಶಯರು ಚಹಾಕ್ಕೆ ಬಿಸ್ಕತ್ತು ಅದ್ದುತ್ತ, "ಟೀವೀಲಿ ಸುಮ್‌ಸುಮ್ನೆ ಬೀಳ್ಬೋದು ಸಾರ್, ಥಿಯೇಟರಲ್ಲಿ ಬೀಳೋಕೆ ಎಮೋಷನ್ ಬೇಕು" ಎಂದರು. ಆಹಾ, ಏನು ರಸಜ್ಞತೆ! ಪತನಕ್ಕೂ ಪೂರ್ವಕಥೆ ಬೇಡುವ ಈ ಪುಣ್ಯಾತ್ಮರಿಗೆ ಕೈಮುಗಿದು ಎದ್ದುಬರಬೇಕಿತ್ತು. ನಾನೋ, ಪರದೆಯ ಮೇಲೆ ಹೆಸರು ಕಾಣುವ ಚಪಲಕ್ಕೆ, ಎಡವಪ್ಪನ ತಂದೆಯನ್ನು ಅಂಥದ್ದೇ ಮೂರನೆಯ ಮೆಟ್ಟಿಲಿಂದ ಉರುಳಿಸಿ ಕೊಂದೆ. ಇನ್ನು ಮಗ ಎಡವಿದಾಗಲೆಲ್ಲ ಅಪ್ಪನ ನೆನಪು, ಶೋಕದ ಪಿಟೀಲು! "ಸರ್, ಮಂದಿ ನಗ್ತಾರಿಲ್ರೀ?" ಎಂದು ಬಸವರಾಜ ಕೇಳಿದ. ನಗುತ್ತಾರೆ ಬಿಡಯ್ಯ ಎಂದೆ. ನಾಚಿಕೆಗೆಟ್ಟವನು ನಾನು.

ವಠಾರವೆಲ್ಲ ಸಿನಿಮಾ ನೋಡಿ ಗೊಳೋ ಎಂದು ಅತ್ತು ಬಂತು. ಮರುದಿನ ಬಸವರಾಜ ಎಲ್ಲರೆದುರು ಬೇಕೆಂದೇ ಮೂರನೆಯ ಮೆಟ್ಟಿಲಲ್ಲಿ ಬಿದ್ದ. ಯಾರೂ ನಗಲಿಲ್ಲ. ನಂಜಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಅಯ್ಯೋ ಪಾಪ, ಅವ್ರಪ್ಪ ಗ್ಯಾಪ್ಕಕ್ಕೆ ಬಂದ್ಬುಟ್ರೇನೋ" ಎಂದರು. "ನಮ್ಮಪ್ಪ ಊರಾಗ ಗಟ್ಟಿ ಅದಾನ್ರೀ!" ಎಂದು ಅವನು ಅಂಗಲಾಚಿದರೂ ಕೇಳುವವರಿಲ್ಲ. ಬಿದ್ದಲ್ಲೇ ಕೂತಿದ್ದ ಅವನ ಮುಖ ನೋಡಲಾಗದೆ ನಾನು ಒಳಗೆ ಹೋದೆ. ವಾರದೊಳಗೆ ನಂಜಮ್ಮನವರು, ಆ ಮಗನ ಸಂಕಟ ನೋಡಲಾರದೆ, ಗಾರೆಯವರನ್ನು ಕರೆಸಿ ಮೆಟ್ಟಿಲನ್ನು ಸಮ ಮಾಡಿಸಿದರು.

ಮೂರನೆಯ ಮೆಟ್ಟಿಲು ಬಂತೆಂದರೆ ತಾನಾಗಿ ಎರಡು ಬೆರಳು ಹೆಚ್ಚಿಗೆ ಏಳುವುದು ನನ್ನ ಕಾಲಿನ ಅಭ್ಯಾಸ. ಮೊನ್ನೆ ಹಾಗೆಯೇ ಎದ್ದ ಕಾಲಿಗೆ ನೆಲ ಸಿಗದೆ, ತರಕಾರಿ ಚೀಲದ ಸಮೇತ ಮಗುಚಿಕೊಂಡೆ. ಹಿಂದೆಯೇ ಬರುತ್ತಿದ್ದ ಬಸವರಾಜ ನಗಲಿಲ್ಲ. ಟೊಮೆಟೊ ಹೆಕ್ಕಿ ಕೊಡುತ್ತ, ಬಹಳ ಮರ್ಯಾದೆಯಿಂದ ಕೇಳಿದ:

"ಸರ್, ನಿಮ್ಮಪ್ಪಾರು ಆರಾಮ ಅದಾರಿಲ್ರೀ?"