ಜೆಲ್ ಹಚ್ಚಿದ ಮಹಾರಾಜ

ಒಂದು ಪುಸ್ತಕವನ್ನು ಸೋಫಾದ ದಿಂಬಿನಡಿಗೆ ತುರುಕಿ, ಅದರ ಮೇಲೆ ಕೂತು, ಏನೂ ಅರಿಯದವಳ ಹಾಗೆ ಚಹಾ ಕುಡಿದ ಅನುಭವ ನಿಮಗುಂಟೇ? ನನಗುಂಟು. ಎರ್ನಾಕುಲಂನ ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ಸತ್ಯ, ನ್ಯಾಯ ಎಂದೆಲ್ಲ ಗಂಟಲು ಹರಿದುಕೊಳ್ಳುವ ಹೆಂಗಸು ನಾನು. ಆದರೆ ಆ ಭಾನುವಾರ ತಿರುವನಂತಪುರದಲ್ಲಿ, ತಂಗಿಯ ಮಗಳು ಅನಘಾ ತನ್ನ ಪುಸ್ತಕಕ್ಕಾಗಿ ಮನೆಯೆಲ್ಲ ತಡಕಾಡುತ್ತಿದ್ದಾಗ, ಸಾಕ್ಷ್ಯನಾಶದ ಆರೋಪಿಯಾಗಿ ಒಂದು ಮಹಾಕಾವ್ಯದ ಮೇಲೆ ಕೂತಿದ್ದೆ. ದಪ್ಪ ರಟ್ಟಿನ ಪುಸ್ತಕ. ಕೂರಲಿಕ್ಕೆ ಏನೇನೂ ಸುಖವಿರಲಿಲ್ಲ.

ಯಾವ ಕಾವ್ಯ, ಅಚ್ಚು ಹಾಕಿದವರು ಯಾರು ಎಂದು ಕೇಳಬೇಡಿ. ಮಾನನಷ್ಟದ ನೋಟೀಸು ಕಳಿಸಿ ನನಗೆ ಅಭ್ಯಾಸ, ಪಡೆದು ಅಲ್ಲ. ಇಂದಿನ ಮಕ್ಕಳಿಗಾಗಿ ಹೊಸದಾಗಿ ಹೇಳಿದ, ಪುಟಪುಟಕ್ಕೂ ಬಣ್ಣದ ಚಿತ್ರವಿರುವ ಇಂಗ್ಲಿಷ್ ಪುಸ್ತಕ ಅದು ಎಂದರೆ ಸಾಕು. ತಂದವನು ಅನಘಾಳ ಅಪ್ಪ ಶ್ರೀಧರ. ಮೈಸೂರಿನವನು, ತುಂಬಾ ಎಂಬ ಊರಿನ ರಾಕೆಟ್ ಕೇಂದ್ರದಲ್ಲಿ ಕೆಲಸ. ಫೋರ್ಟ್ ಕೊಚ್ಚಿಯಲ್ಲಿ ಏಲಕ್ಕಿ ಪೊಟ್ಟಣ, ಕಥಕ್ಕಳಿ ಮುಖದ ಫ್ರಿಜ್ ಮ್ಯಾಗ್ನೆಟ್, ಮಹಾಕಾವ್ಯ ಮೂರನ್ನೂ ಒಂದೇ ಕಪಾಟಿನಲ್ಲಿಟ್ಟು ಮಾರುವ ಅಂಗಡಿಯೊಂದಿದೆ. ಅವನು ಹೋದದ್ದು ಏಲಕ್ಕಿಗೆ.

ಪುಸ್ತಕದ ಮಹಾರಾಜನ ಕೂದಲಿಗೆ ಜೆಲ್ ಹಚ್ಚಿದೆ. ಹೊಟ್ಟೆಯ ಮೇಲೆ ತಟ್ಟೆಯಲ್ಲಿ ಇಡ್ಲಿ ಜೋಡಿಸಿದಂತೆ ಉಬ್ಬುಗಳು. ರಾಜ್ಯಭಾರ ಮಾಡುವವನಿಗೆ ಜಿಮ್ಮಿಗೆ ಹೋಗಲು ಯಾವಾಗ ಪುರಸೊತ್ತು ಸಿಕ್ಕಿತೋ! ಮಂತ್ರಿ ಕನ್ನಡಕ ಹಾಕಿಕೊಂಡು, ಕೆಲಸದಿಂದ ತೆಗೆಯುವ ಮೊದಲು ಕಂಪನಿಯವರು ನಗುತ್ತಾರಲ್ಲ, ಹಾಗೆ ನಗುತ್ತಾನೆ. ರಾಕ್ಷಸರು ಕೆಟ್ಟವರೇ ಅಲ್ಲ, ಪಾಪ. ಚಿಕ್ಕಂದಿನಲ್ಲಿ ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲವಂತೆ. ಯುದ್ಧದಲ್ಲಿ ಒಂದು ತೊಟ್ಟು ರಕ್ತವಿಲ್ಲ. ಬಿದ್ದವರು ಧೂಳು ಕೊಡವಿಕೊಂಡು ಸಂಜೆಯ ಬಸ್ಸು ಹಿಡಿದಿರಬೇಕು. ಪ್ರತಿ ಅಧ್ಯಾಯದ ಕೊನೆಗೆ ಹಳದಿ ಚೌಕವೊಂದು: ಈ ಕಥೆಯಿಂದ ನೀನು ಕಲಿತ ಮೂರು ವಿಷಯಗಳು. ಹಳೆಯ ಕವಿಗಳು ಜೀವ ತೇದು ಬರೆದದ್ದರಲ್ಲಿ ಮೂರೇ ವಿಷಯ. ನಾಲ್ಕನೆಯದು ಹೊಳೆದ ಮಗುವಿಗೆ ಬರೆಯಲು ಜಾಗವಿಲ್ಲ.

ಇದನ್ನೆಲ್ಲ ನಕ್ಕು ಬಿಡುತ್ತಿದ್ದೆನೇನೋ. ಸಿಟ್ಟು ನೆತ್ತಿಗೇರಿದ್ದು ಒಂದು ಪುಟ ನೋಡಿದಾಗ. ಊರವರ ಗುಸುಗುಸುವಿಗೆ ಹೆದರಿದ ರಾಜ ಬಸುರಿ ರಾಣಿಯನ್ನು ಕಾಡಿಗೆ ಕಳಿಸುತ್ತಾನೆ. ಇಲ್ಲಿ ರಾಣಿ ಟ್ರೆಕ್ಕಿಂಗ್ ಶೂ ಹಾಕಿಕೊಂಡು ರಥದಲ್ಲಿ ನಗುತ್ತ ಕೂತಿದ್ದಾಳೆ. ಕೆಳಗೆ ಬರೆದದ್ದರ ಸಾರ: ರಾಜ ಮತ್ತು ರಾಣಿ ಸ್ವಲ್ಪ ಕಾಲ ಬೇರೆ ಬೇರೆಯಾಗಿರಲು ತೀರ್ಮಾನಿಸಿದರು.

ಈ ವಾಕ್ಯ ನನ್ನ ಹಳೆಯ ಪರಿಚಯ. ಕುಟುಂಬ ನ್ಯಾಯಾಲಯಕ್ಕೆ ಪರಸ್ಪರ ಒಪ್ಪಿಗೆಯ ಅರ್ಜಿ ಬರೆಯುವಾಗ ನಾನೇ ಎಷ್ಟು ಸಲ ಇದನ್ನು ಬರೆದಿಲ್ಲ! ತೀರ್ಮಾನ ಒಬ್ಬರದು, ಇನ್ನೊಬ್ಬರು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ನಮಗಾದರೋ ಹಾಗೆ ಬರೆದದ್ದಕ್ಕೆ ಫೀಸು ಸಿಗುತ್ತದೆ. ಕಾವ್ಯಕ್ಕೆ ಏನು ಬಂತು ಕೇಡು?

ನನ್ನ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ನನಗೆ ಮಕ್ಕಳಿಲ್ಲ. ಕಾಸರಗೋಡಿನ ನಮ್ಮ ಮನೆಯ ಕನ್ನಡ ಮುಂದಕ್ಕೆ ಹೋಗಬೇಕಾದರೆ ಹತ್ತು ವರ್ಷದ ಅನಘಾ ಎಂಬ ಈ ಒಂದೇ ಬಾಗಿಲಿನಿಂದ ಹೋಗಬೇಕು. ಬಾಗಿಲೋ, ಕನ್ನಡದಲ್ಲಿ ತಟ್ಟಿದರೆ ಮಲಯಾಳದಲ್ಲಿ ತೆರೆಯುತ್ತದೆ. ಎಲ್ಲ ಅರ್ಥವಾಗುತ್ತದೆ ಅವಳಿಗೆ. ಉತ್ತರ ಮಾತ್ರ ಕನ್ನಡದಲ್ಲಿ ಬರುವುದಿಲ್ಲ. ಪ್ರತಿ ಸಲ ಎರ್ನಾಕುಲಂಗೆ ಹಿಂತಿರುಗುವ ರೈಲಿನಲ್ಲಿ ಪಳಂಪೊರಿ ತಿನ್ನುತ್ತ ನಾನು ಇದೇ ಸಂಕಟ ಪಡುತ್ತೇನೆ. ಬಾಳೆಹಣ್ಣಿನ ಆ ಕರಿದ ತಿಂಡಿಗೆ ನಮ್ಮ ಭಾಷೆಯಲ್ಲಿ ಏನನ್ನುತ್ತಾರೆಂದು ಅವಳಿಗೆ ಹೇಳಿಕೊಡಬೇಕು ಎಂದುಕೊಳ್ಳುತ್ತೇನೆ, ಅಷ್ಟರಲ್ಲಿ ತಿಂಡಿ ಮುಗಿದಿರುತ್ತದೆ.

ಹಾಗಾಗಿ ಆ ಸಲ ಅಪ್ಪನ ಕಾಲದ ಷಟ್ಪದಿ ಪುಸ್ತಕವನ್ನೇ ಹೊತ್ತುಕೊಂಡು ಹೋಗಿದ್ದೆ. ಬಣ್ಣದ ಪುಸ್ತಕದ ಮೇಲೆ ಕೂತವಳು ಹಳೆಯ ಪುಸ್ತಕ ತೆರೆದು, ಹೈಕೋರ್ಟಿಗೆ ಸಲ್ಲುವ ಕಂಠದಲ್ಲಿ ಓದಿದೆ. ಅನಘಾ ವಿನಯದಿಂದ ಕೇಳಿಸಿಕೊಂಡು "ಮನಸ್ಸಿಲಾಯಿಲ್ಲ" ಎಂದಳು, ಅರ್ಥವಾಗಲಿಲ್ಲ ಎಂದು. ಮೂರನೆಯ ಸಾಲಿನ ಒಂದು ಪದಕ್ಕೆ ಬೆರಳಿಟ್ಟು ಮುಖ ನೋಡಿದಳು. ಉತ್ತರ ತಿಳಿಯದಾಗ ವಕೀಲರು ಮಾಡುವುದನ್ನೇ ಮಾಡಿದೆ.

"ಅದು ಮುಂದೆ ಬರ್ತದೆ ಮಗಾ."

ಅಡುಗೆಮನೆಯಿಂದ ತಂಗಿ ಸುಮ ಕೂಗಿದಳು, "ಅಕ್ಕಾ, ನಿನಗೆ ಗೊತ್ತುಂಟಾ ಅದರ ಅರ್ಥ?"

ಗೊತ್ತಿರಲಿಲ್ಲ. ಕಾವ್ಯ ನನಗೆ ಓದಿ ಬಂದದ್ದೇ ಅಲ್ಲ, ತಾಳಮದ್ದಳೆಯಲ್ಲಿ ಕೂತು ಬಂದದ್ದು. ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪದ ಹಾಡಿದ ಮೇಲೆ ಪಂಚೆ ಶಾಲಿನವರು ಎದುರುಬದುರು ಕೂತು, ಒಬ್ಬ ರಾಜನಾಗಿ ಇನ್ನೊಬ್ಬ ಅವನ ವೈರಿಯಾಗಿ ಬಾಯಿಗೆ ಬಂದ ಮಾತಿನಲ್ಲೇ ವಾದ ಹೂಡುತ್ತಾರೆ; ಅದಕ್ಕೆ ಅರ್ಥಗಾರಿಕೆ ಎನ್ನುತ್ತಾರೆ. ಅಪ್ಪ ಹಗಲು ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತ, ಸಂಜೆ ಚಕ್ರವರ್ತಿ. ಯುಗಗಳ ಹಿಂದಿನ ಆ ಚಕ್ರವರ್ತಿಯ ಬಾಯಲ್ಲಿ ಮಂಜೇಶ್ವರದ ಬಸ್ಸು ತಡವಾದದ್ದು, ತಹಶೀಲ್ದಾರರ ಬಾಗಿಲು ಕಾದದ್ದು ಎಲ್ಲ ಬರುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ಸುಮ ಇದನ್ನು ಮರೆತಿರಲಿಲ್ಲ.

"ಅಪ್ಪ ಮಾಡಿದ್ರೆ ಅರ್ಥಗಾರಿಕೆ, ಪುಸ್ತಕದವ ಮಾಡಿದ್ರೆ ಅಪಚಾರ. ಒಳ್ಳೆ ನ್ಯಾಯ ಮಾರಾಯ್ತಿ ನಿನ್ನದು!"

ಉತ್ತರ ಕೊಡಲೇಬೇಕೆಂದು ಎದ್ದು ನಿಂತೆ. ಎದ್ದದ್ದೇ ತಪ್ಪಾಯಿತು. ದಿಂಬು ಜಾರಿತು, ಮಹಾರಾಜ ಜೆಲ್ ಸಮೇತ ಹೊರಗೆ ಬಂದ.

ಅನಘಾ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಪುಸ್ತಕ ಎತ್ತಿಕೊಂಡು, ಬೇಕೆಂದೇ ಏನೋ, ಆ ಪುಟವನ್ನೇ ತೆರೆದು, ನನ್ನನ್ನು ಕೂರಿಸಿ ಮಡಿಲಲ್ಲಿಟ್ಟಳು. ರಾಣಿಯನ್ನಲ್ಲ, ರಥ ಹೊಡೆಯುವವನನ್ನು ತೋರಿಸಿದಳು. ಅವನು ರಾಣಿಯ ಕಡೆ ನೋಡುತ್ತಿಲ್ಲ. ಮುಖವನ್ನು ಪೂರ್ತಿ ಆಚೆ ತಿರುಗಿಸಿದ್ದಾನೆ. ಅಷ್ಟು ಸಲ ಬೈಯುತ್ತ ನೋಡಿದ ಪುಟದಲ್ಲಿ ನಾನು ಅವನನ್ನು ಕಂಡೇ ಇರಲಿಲ್ಲ. ಬರೆದವರು ಮುಚ್ಚಿಟ್ಟದ್ದನ್ನು ಚಿತ್ರಕಾರ ಮೂಲೆಯಲ್ಲಿ ಹೇಳಿಬಿಟ್ಟಿದ್ದ.

"ಆರಾ ತೀರುಮಾನಿಚ್ಚೇ?" ಎಂದು ಕೇಳಿದಳು. ತೀರ್ಮಾನ ಮಾಡಿದ್ದು ಯಾರು?

ಆಗ ನನಗೆ ಹೊಳೆಯಿತು. ಅಪ್ಪನ ರಾಜನಿಗೂ ಈ ಜೆಲ್ಲಿನ ರಾಜನಿಗೂ ವ್ಯತ್ಯಾಸ ಮಾತಿನಲ್ಲಿರಲಿಲ್ಲ. ಅಪ್ಪನ ಎದುರು ಒಬ್ಬ ಕೂತು ಜವಾಬು ಕೇಳುತ್ತಿದ್ದ. ಇವನ ಎದುರು ಯಾರೂ ಇಲ್ಲ.

"ಬಾ, ಕೂತ್ಕೋ" ಎಂದೆ. "ನಾನು ರಾಜ, ನೀನು ರಾಣಿ. ಈ ಕೋರ್ಟಿನ ಭಾಷೆ ಕನ್ನಡ. ಎಂತ ಕೇಳ್ಲಿಕ್ಕುಂಟೋ ಕೇಳು."

ಚಕ್ಕಳಮಕ್ಕಳ ಹಾಕಿ ಶುರು ಮಾಡಿದೆ. ರಾಜಧರ್ಮ ಎಂದೆ, ಪ್ರಜೆಗಳ ವಿಶ್ವಾಸ ಎಂದೆ, ನಗರದ ವಾಟ್ಸಾಪ್ ಗುಂಪುಗಳಲ್ಲಿ ಏನೇನು ಓಡಾಡುತ್ತಿದೆ ಬಲ್ಲೆಯಾ ದೇವಿ ಎಂದೆ. ರಾಣಿ ಇಂಗ್ಲಿಷಿನಲ್ಲಿ ಆಕ್ಷೇಪಿಸಿದಳು, ತಳ್ಳಿಹಾಕಿದೆ. ಮಲಯಾಳದಲ್ಲಿ ಆಕ್ಷೇಪಿಸಿದಳು, ಅದನ್ನೂ ತಳ್ಳಿಹಾಕಿದೆ. ಅವಳ ಮೂಗು ಕೆಂಪಾಯಿತು. ಶ್ರೀಧರ ಪೇಪರ್ ಮಡಚಿಟ್ಟ. ಸುಮ ಸೌಟು ಹಿಡಿದೇ ಬಾಗಿಲಿಗೆ ಬಂದಳು.

"ನೀವು..." ಎಂದು ಅನಘಾ ತಡವರಿಸಿದಳು. "ನೀವು ನನ್ನ ಹತ್ರ ಕೇಳ್ಲೇ ಇಲ್ಲ. ಒಂದು ಸಲ ಕೇಳ್ಬಹುದಿತ್ತು ಅಲ್ವಾ?"

ಅಷ್ಟೇ. ಅಲಂಕಾರವಿಲ್ಲ, ಪ್ರಾಸವಿಲ್ಲ. ವರ್ಷಗಟ್ಟಲೆ ಕೋರ್ಟು ಸುತ್ತಿದ ನನ್ನ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ.

"ಏನಕ್ಕಾ, ರಾಜರು ಸುಮ್ಮನಾಗ್ಬಿಟ್ರಲ್ಲ?" ಎಂದ ಶ್ರೀಧರ.

ರಾಣಿ ಅಷ್ಟಕ್ಕೇ ಬಿಡಲಿಲ್ಲ. ನನ್ನ ಮಡಿಲಿನಿಂದ ಪುಸ್ತಕ ಎತ್ತಿಕೊಂಡು, "ಬುಕ್ ತೆಗೆದಿಟ್ಟಾಗಲೂ ಕೇಳ್ಲಿಲ್ಲ, ದೊಡ್ಡಮ್ಮ" ಎಂದಳು. ಅದೂ ಕನ್ನಡದಲ್ಲೇ.

ಮುಂದಿನ ಶನಿವಾರ ಎರ್ನಾಕುಲಂ ಜೆಟ್ಟಿಯಿಂದ ಬೋಟು ಹತ್ತಿ ಫೋರ್ಟ್ ಕೊಚ್ಚಿಯ ಆ ಅಂಗಡಿಗೆ ಹೋದೆ. ಇಂಥ ಪುಸ್ತಕಗಳನ್ನು ಮನೆಗೆ ಸೇರಿಸಬಾರದೆಂದು ನಮ್ಮ ಕನ್ನಡ ಕೂಟದಲ್ಲಿ ಭಾಷಣ ಬಿಗಿದವಳು ನಾನೇ. ಹಾಗಾಗಿ ಆ ಪುಸ್ತಕದ ಎರಡನೆಯ ಭಾಗವನ್ನು, ಮದ್ಯದಂಗಡಿಯ ಗಿರಾಕಿಗಳ ಹಾಗೆ, ಹೊರಗೆ ಕಾಣದಂತೆ ಪೇಪರಿನಲ್ಲಿ ಸುತ್ತಿಸಿಕೊಂಡೆ. ಮೂರನೆಯದೂ ಬಂದಿದೆ ಚೇಚಿ, ಅದನ್ನೂ ಕಟ್ಟಲೇ ಎಂದು ಅಂಗಡಿಯವನು ಮಲಯಾಳದಲ್ಲಿ ಕೇಳಿದ. ಹೂಂ ಎನ್ನಲು ಬಾಯಿ ತೆರೆದವಳು ತಡೆದುಕೊಂಡೆ.

"ನಿಲ್ಲಿ, ಕೇಳಿ ಹೇಳುತ್ತೇನೆ" ಎಂದು ಫೋನು ತೆಗೆದೆ.