ರೆಸ್ಯೂಮಿನಲ್ಲಿ ಬರೆದ ಧೂಳು

ನೌಕರಿಯ ಅನುಭವ ಇಲ್ಲದವರು ರೆಸ್ಯೂಮಿನಲ್ಲಿ ಏನು ಬರೆಯಬೇಕು ಎಂಬುದನ್ನು ನಮಗೆ ಕಲಿಸಿದ್ದು ಬಿ.ಎಸ್ಸಿ. ಕೊನೆಯ ಸೆಮಿಸ್ಟರಿನಲ್ಲಿ. ಕೊಪ್ಪಳದ ನಮ್ಮ ಕಾಲೇಜಿನಲ್ಲಿ ಅದಕ್ಕೆಂದೇ ಒಂದು ಮಧ್ಯಾಹ್ನ ಇಟ್ಟಿದ್ದರು. ಓದಿದ್ದನ್ನೆಲ್ಲ ಬರೆಯಬೇಡಿ, ಕೇಳುತ್ತಿರುವ ಕೆಲಸಕ್ಕೆ ಸಂಬಂಧಪಟ್ಟ ಪೇಪರುಗಳನ್ನಷ್ಟೇ ಬರೆಯಿರಿ ಎಂದು ರಸಾಯನಶಾಸ್ತ್ರದ ಸರ್ ಹೇಳಿದರು. ಅನುಭವದ ಜಾಗ ಖಾಲಿ ಇದ್ದರೆ ಓದು ಅದನ್ನು ತುಂಬುತ್ತದಂತೆ. ಅವರು ಅತಿಥಿ ಉಪನ್ಯಾಸಕರು, ಪ್ರತಿ ವರ್ಷವೂ ಅದೇ ಕೆಲಸಕ್ಕೆ ಹೊಸದಾಗಿ ಅರ್ಜಿ ಹಾಕುವವರು. ಅರ್ಜಿ ಹಾಕುವುದರಲ್ಲಿ ಅವರಷ್ಟು ಪಳಗಿದವರು ಕಾಲೇಜಿನಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ನಾವು ಅವರ ಮಾತನ್ನು ನಂಬಿದೆವು.

ನನ್ನ ಓದಿನಲ್ಲಿ ಹೇಳಿಕೊಳ್ಳುವಂಥದ್ದು ಇದ್ದದ್ದು ಒಂದೇ, ಪರಿಸರ ವಿಜ್ಞಾನದ ಪ್ರಾಜೆಕ್ಟು. ಅದಕ್ಕೆ ಪೂರ್ತಿ ಅಂಕ ಬಂದಿತ್ತು. ವಿಷಯ ಹುಡುಕಲು ನಾನು ದೂರ ಹೋಗಬೇಕಾಗಿರಲಿಲ್ಲ, ಅದು ನಮ್ಮ ಅಂಗಳದಲ್ಲೇ ಬಿದ್ದಿತ್ತು. ನಮ್ಮೂರು ಕೊಪ್ಪಳದಿಂದ ಬಸ್ಸಿಗೆ ಅರ್ಧ ತಾಸಿನ ಹಾದಿ. ನಾನು ಇನ್ನೂ ಶಾಲೆಗೆ ಹೋಗುವಾಗಲೇ ಸುತ್ತ ಕಬ್ಬಿಣದ ಕಾರ್ಖಾನೆಗಳು ಎದ್ದವು. ಅಲ್ಲಿಂದೀಚೆಗೆ ಮುಂಜಾನೆ ಬಾಗಿಲು ತೆಗೆದರೆ ಕಟ್ಟೆಯ ಮೇಲೆ, ತುಳಸಿಯ ಮೇಲೆ, ಮುಚ್ಚಿಟ್ಟ ಕೊಡದ ಮುಚ್ಚಳದ ಮೇಲೆ ಕರಿ ಧೂಳು. ನಮ್ಮೂರಲ್ಲಿ ಬಿಳಿ ಬಟ್ಟೆ ಉಡುವವರು ವೋಟು ಕೇಳಲು ಬರುವವರು ಮಾತ್ರ, ಅವರೂ ಸಂಜೆಯೊಳಗೆ ಹೋಗಿಬಿಡುತ್ತಾರೆ.

ಊಟದ ಸ್ಟೀಲ್ ತಾಟುಗಳಿಗೆ ವ್ಯಾಸಲೀನ್ ಸವರಿ ಮಾಳಿಗೆಗಳ ಮೇಲೆ ಇಟ್ಟೆ. ಬಿದ್ದ ಧೂಳನ್ನು ತೊಳೆದು, ಒಣಗಿಸಿ, ಕಾಲೇಜಿನ ಲ್ಯಾಬಿನಲ್ಲಿ ತೂಗಿದೆ. ಹೋಲಿಸಿ ನೋಡಲು, ಕಾರ್ಖಾನೆಗಳಿಲ್ಲದ ತಾವರಗೇರಾದ ಒಂದು ಮಾಳಿಗೆಯ ಮೇಲೂ ತಾಟು ಇಟ್ಟಿದ್ದೆ. ಅಲ್ಲಿ ಸಿಕ್ಕಿದ್ದು ಹೊಲದ ಕೆಮ್ಮಣ್ಣು. ನಮ್ಮೂರಿನ ಧೂಳಿನ ಹತ್ತಿರ ಅಯಸ್ಕಾಂತ ಹಿಡಿದರೆ ಅದು ಮೈಮೇಲಿನ ಕೂದಲಿನ ಹಾಗೆ ನಿಮಿರಿ ನಿಲ್ಲುತ್ತಿತ್ತು. ಇಷ್ಟು ದಿನ ಉಸಿರಾಡಿದ್ದು ಇದನ್ನೇ ಎಂದು ಅವತ್ತು ನನಗೆ ಹೆದರಿಕೆಯಾಯಿತು.

ಏಣಿ ಹಿಡಿದವಳು ನಮ್ಮ ಅತ್ತಿಯ ಮಗಳು. ಅತ್ತಿ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಪಕ್ಕದ ಮನೆಗೇ ಬಂದು ಇದ್ದವಳು. ನನ್ನ ಅವ್ವ ನನಗೆ ನೆನಪಿಲ್ಲ. ಹೆರಳು ಹಾಕಿದ್ದು, ಬೈದದ್ದು, ಪರೀಕ್ಷೆಯ ದಿನ ಮೊಸರು ಬಾಯಿಗಿಟ್ಟು ಕಳಿಸಿದ್ದು ಎಲ್ಲ ಅತ್ತಿಯೇ. ತಾವರಗೇರಾದ ಆ ಮಾಳಿಗೆಯೂ ಅತ್ತಿಯ ತಂಗಿಯದು. ಅತ್ತಿಯ ಮಗಳನ್ನು ನಾನು ಅಕ್ಕ ಎಂದೇ ಕರೆಯುತ್ತೇನೆ. ಅವಳಿಗೆ ಆಗಲೇ ದಮ್ಮು ಶುರುವಾಗಿತ್ತು. ಏಣಿ ಹಿಡಿದು ನಿಂತರೂ ಏದುಸಿರು ಬಿಡುತ್ತಿದ್ದಳು. ಮುಂದೆ ಕುಷ್ಟಗಿ ಕಡೆ ಮದುವೆಯಾಗಿ ಹೋದ ಮೇಲೆ ಆರಾಮಾದಳು. ತವರಿಗೆ ಬಂದರೆ ಎರಡನೆಯ ದಿನಕ್ಕೆ ಎದೆ ಸುಂಯ್‌ಗುಡುತ್ತಿತ್ತು.

ಡಿಗ್ರಿ ಮುಗಿಯಿತು. ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದ ಅಪ್ಪ ಮೊಣಕಾಲು ಹಿಡಿದುಕೊಂಡು ಮನೆಯಲ್ಲಿ ಕೂತಿದ್ದ. ಒಲೆ ಉರಿಯಬೇಕಾದರೆ ನಾನು ದುಡಿಯಬೇಕಿತ್ತು. ಸರ್ ಹೇಳಿದಂತೆ ಕೆಲಸಕ್ಕೊಂದು ರೆಸ್ಯೂಮ್ ಮಾಡಿಸಿದೆ. ಗಂಗಾವತಿಯ ಒಂದು ರೈಸ್ ಮಿಲ್ಲಿನ ಲ್ಯಾಬಿಗೆ ಸಸ್ಯಶಾಸ್ತ್ರದ ಪೇಪರುಗಳನ್ನು ಬರೆದುಕೊಂಡು ಹೋದರೆ, ಮಾಲೀಕರು ಅದನ್ನು ಓದಲೇ ಇಲ್ಲ. ತೆಲುಗು ಬರುತ್ತದೆಯೇ ಎಂದು ಕೇಳಿದರು. ಬರಲಿಲ್ಲ, ಬಂದ ದಾರಿ ಹಿಡಿದೆ. ಯಲಬುರ್ಗಾದ ಒಂದು ಖಾಸಗಿ ಶಾಲೆಯಲ್ಲಿ ಬಿ.ಎಡ್. ಎಲ್ಲಿ ಎಂದರು. ಹಲ್ಲಿದ್ದವರಿಗೆ ಕಡಲೆಯಿಲ್ಲ ಎನ್ನುತ್ತಾರಲ್ಲ, ನನ್ನ ಬಾಯಲ್ಲಿ ಹಲ್ಲು ಇವೆಯೋ ಇಲ್ಲವೋ ಎಂದು ನೋಡುವ ತಾಳ್ಮೆಯೂ ಯಾರಿಗೂ ಇರಲಿಲ್ಲ.

ಕೊನೆಗೆ ನಮ್ಮೂರ ಪಕ್ಕದ ಕಾರ್ಖಾನೆಯವರೇ ಪರಿಸರ ವಿಭಾಗಕ್ಕೆ ಒಬ್ಬರು ಬೇಕೆಂದು ಕರೆದರು. ಈ ಕೆಲಸಕ್ಕೆ ಸಂಬಂಧಪಟ್ಟ ಓದು ನನ್ನಲ್ಲಿ ಇದ್ದದ್ದು ಅದೊಂದೇ, ಧೂಳಿನ ಪ್ರಾಜೆಕ್ಟು. ಝರಾಕ್ಸ್ ಅಂಗಡಿಯ ಹುಡುಗಿ ಅದನ್ನು ಟೈಪು ಮಾಡುವಾಗ ಎರಡು ಸಲ ನನ್ನ ಮುಖ ನೋಡಿದಳು. ಅಪ್ಪನಿಗೆ ಓದಿ ಹೇಳಿದಾಗ ಅವನು ಸಿಟ್ಟಾದ.

"ಉಣ್ಣೂ ಅನ್ನದಾಗ ಮಣ್ಣು ಹಾಕ್ಕೊಂತಾರೇನವ್ವ? ಆ ಸಾಲು ತಗಿ."

ನಾನು ತೆಗೆಯಲಿಲ್ಲ. ಧೈರ್ಯ ಎಂದು ಯಾರಾದರೂ ತಿಳಿದಾರು. ಧೈರ್ಯವೇನಲ್ಲ, ಹಟ. ಆ ಸಾಲನ್ನು ಕಿತ್ತರೆ ಉಳಿಯುವುದು ಹೆಸರು, ವಿಳಾಸ ಮತ್ತು ಕನ್ನಡ, ಇಂಗ್ಲಿಷ್, ಹಿಂದಿ ಬಲ್ಲೆ ಎಂಬ ಅರ್ಧ ಸುಳ್ಳು.

ಸಂದರ್ಶನ ಮಾಡಿದ ಮ್ಯಾನೇಜರು ಹೊರಗಿನವರು, ಕನ್ನಡ ಕಲಿತವರು, ಸಭ್ಯರು. ಆ ಸಾಲಿನ ಹತ್ತಿರ ಬಂದು ನಿಂತರು, ಮತ್ತೆ ಓದಿದರು. ಯಾವ ಊರು, ಏನು ಕಂಡಿತು ಎಂದು ಕೇಳಿದರು. ಕೆಲಸ ಹೋಗುವುದಿದ್ದರೆ ಹೋಗಲಿ ಎಂದು ಅಯಸ್ಕಾಂತದ ಮಾತನ್ನೂ ಹೇಳಿಬಿಟ್ಟೆ. ಅವರು ಮುಖ ಕೆಡಿಸಿಕೊಳ್ಳಲಿಲ್ಲ. ಇಂಥವರೇ ನಮಗೆ ಬೇಕು, ಈ ಊರಿನವರು, ವಿಷಯ ಗೊತ್ತಿದ್ದವರು ಎಂದರು. ನನ್ನ ಓದಿಗೆ ಒಬ್ಬರಾದರೂ ಬೆಲೆ ಕೊಟ್ಟರಲ್ಲ ಎಂದು ಅವತ್ತು ಬಸ್ಸಿನಲ್ಲಿ ಕಣ್ಣಲ್ಲಿ ನೀರು ಬಂತು. ಅತ್ತಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಂಥ ಹಿಗ್ಗು ನನಗೆ ಆಮೇಲೆ ಬಂದಿಲ್ಲ.

ಕೆಲಸ ಕಷ್ಟದ್ದೇನಲ್ಲ. ಗಾಳಿಯನ್ನು ಎಳೆದುಕೊಂಡು ಧೂಳನ್ನು ಬಿಳಿ ಕಾಗದದ ಮೇಲೆ ಹಿಡಿಯುವ ಯಂತ್ರವೊಂದಿದೆ. ಆ ಕಾಗದವನ್ನು ತೂಗಿ ಬರೆಯಬೇಕು. ಯಂತ್ರ ಇರುವುದು ಕಚೇರಿಯ ಮುಂದೆ, ಹುಲ್ಲಿಗೆ ದಿನವೂ ನೀರು ಹಾರಿಸುವ ಕಡೆ. ಅಲ್ಲಿ ಅಂಕಿಗಳು ಮಿತಿಯೊಳಗೇ ಬರುತ್ತವೆ. ನಾನು ಒಂದು ಅಂಕಿಯನ್ನೂ ತಿದ್ದಿದವಳಲ್ಲ, ತಿದ್ದು ಎಂದು ಯಾರೂ ಹೇಳಲೂ ಇಲ್ಲ. ಯಂತ್ರವನ್ನು ಒಂದು ದಿನ ನಮ್ಮೂರ ಮಾಳಿಗೆಯ ಮೇಲೂ ಇಟ್ಟು ನೋಡೋಣವೇ ಎಂದು ಕೇಳಿದ್ದೆ. ನೋಡೋಣ ಎಂದರು. ನೋಡೋಣ ಎಂದರೆ ಏನು ಎಂಬುದು ನೌಕರಿ ಮಾಡಿದವರಿಗೆಲ್ಲ ಗೊತ್ತು.

ಈ ನಡುವೆ ಅಕ್ಕ ಬಸುರಿಯಾದಳು. ಚೊಚ್ಚಲು. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅವ್ವನ ಕೈಯಲ್ಲೇ ನೀರು ಎರೆಸಿಕೊಳ್ಳಬೇಕು. ಆದರೆ ಅಕ್ಕನ ಎದೆಗೆ ಈ ಊರು ಆಗುವುದಿಲ್ಲ. ಹುಟ್ಟುವ ಕೂಸಿನ ಎದೆ ಹೇಗೋ ಏನೋ. ಹಾಗಾಗಿ ಹೆರಿಗೆಗೆ ಮೊದಲೇ ತಾವರಗೇರಾಕ್ಕೆ ಹೋಗಿ, ತಂಗಿಯ ಮನೆಯಲ್ಲೇ ಮಗಳ ಬಾಣಂತನ ಮಾಡುವುದೆಂದು ಅತ್ತಿ ನಿಶ್ಚಯ ಮಾಡಿದ್ದಳು. ಅದು ಅವಳಿಗೆ ಸುಲಭವಾಗಿರಲಿಲ್ಲ. ಸ್ವಂತ ಮನೆ ಇಟ್ಟುಕೊಂಡು ಮಗಳನ್ನು ಪರರ ಹೊಸ್ತಿಲಿಗೆ ಒಯ್ಯುವ ತಾಯಿ ಎಂದು ಬೀಗರು ಬಸುರಿಗೆ ಕುಬಸ ಮಾಡಿದ ದಿನವೇ ಆಡಿಕೊಂಡಿದ್ದರು. ಅತ್ತಿ ಕೇಳಿಸಿಕೊಂಡು ಹೋಳಿಗೆ ಬಡಿಸುತ್ತಿದ್ದಳು.

ಅಕ್ಕನಿಗೆ ಒಂಬತ್ತು ತುಂಬಿತ್ತು. ಶಾಸ್ತ್ರಕ್ಕಾದರೂ ತವರು ಮುಟ್ಟಬೇಕೆಂದು ಅವಳು ಕುಷ್ಟಗಿಯಿಂದ ಬಂದು ನಮ್ಮಲ್ಲಿದ್ದಳು, ಇನ್ನೆರಡು ದಿನಕ್ಕೆ ತಾವರಗೇರಾದ ಬಸ್ಸು ಹತ್ತುವವಳು. ಅದೇ ಹೊತ್ತಿಗೆ ಊರವರು ಧೂಳು ತಾಳಲಾರದೆ ಕಾರ್ಖಾನೆಯ ಲಾರಿಗಳನ್ನು ತಡೆದು ಕೂತರು. ಕಂಪನಿಯವರು ಮಾತಾಡೋಣ ಎಂದು ಶಾಲೆಯ ಬಯಲಿನಲ್ಲಿ ಶಾಮಿಯಾನ ಹಾಕಿಸಿ, ಮಂಡಕ್ಕಿ ಮಿರ್ಚಿ ತರಿಸಿ ಸಭೆ ಕರೆದರು. ನನಗೆ ಒಂದು ಕಾಗದ ಕೊಟ್ಟರು, ಆ ತಿಂಗಳ ಅಂಕಿಗಳದು. ಕೇಳಿದರೆ ಓದಬೇಕು ಅಷ್ಟೇ ಎಂದರು. ಊರವರು ಬೈಗುಳ ಕಟ್ಟಿಕೊಂಡೇ ಬಂದಿದ್ದರು. ಮ್ಯಾನೇಜರು ಮೈಕು ಹಿಡಿದು ನನ್ನನ್ನು ಮುಂದೆ ಕರೆದರು.

"ಈಕೆ ನಿಮ್ಮೂರಿನ ಮಗಳು. ಇದೇ ಧೂಳಿನ ಮೇಲೆ ಕಾಲೇಜಿನಲ್ಲಿ ಓದಿ ಪೂರ್ತಿ ಅಂಕ ತೆಗೆದುಕೊಂಡಿದ್ದಾಳೆ. ನಮ್ಮ ಮಾತು ಬಿಡಿ, ಈಕೆಯ ಮಾತು ಕೇಳಿ."

ಸಂದರ್ಶನದ ದಿನ ಅವರು ಆ ಸಾಲನ್ನು ಮತ್ತೆ ಓದಿದ್ದು ಯಾಕೆ ಎಂದು ನನಗೆ ಆಗ ತಿಳಿಯಿತು. ಅವರಿಗೆ ಬೇಕಾಗಿದ್ದದ್ದು ನನ್ನ ಓದಲ್ಲ, ಓದಿದ್ದೇನೆ ಎಂಬ ಸುದ್ದಿ. ಮೈಕು ಕೈಗೆ ಬಂತು. ಎದುರಿಗೆ ನನ್ನನ್ನು ಎತ್ತಿ ಆಡಿಸಿದವರೆಲ್ಲ ಕೂತಿದ್ದರು. ಅತ್ತಿ ಮುಂದಿನ ಸಾಲಿನಲ್ಲೇ ಇದ್ದಳು. ಬಾಯಿಗೆ ಬಿಸಿತುಪ್ಪ ಹಾಕಿದಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕಾಗದದಲ್ಲಿ ಇದ್ದದ್ದನ್ನು ಓದಿದೆ. ಧೂಳು ಮಿತಿಯೊಳಗೆ ಇದೆ ಎಂದಿತ್ತು, ಹಾಗೇ ಓದಿದೆ. ಎಲ್ಲಿ ಅಳೆದದ್ದು ಎಂದು ಅದರಲ್ಲಿ ಬರೆದಿರಲಿಲ್ಲ, ನಾನೂ ಹೇಳಲಿಲ್ಲ.

ಯಾರಾದರೂ ಎದ್ದು ಬೈದಿದ್ದರೆ ಚೆನ್ನಾಗಿತ್ತು. ಒಬ್ಬರೂ ಬೈಯಲಿಲ್ಲ. ನಮ್ಮ ಹುಡುಗಿಯೇ ಹೇಳಿದ ಮೇಲೆ ಇನ್ನೇನು ಎಂದು ಹಿರಿಯರೊಬ್ಬರು ಎದ್ದರು. ಅವರ ಹಿಂದೆ ಒಬ್ಬೊಬ್ಬರೇ ಎದ್ದು ಮಿರ್ಚಿಯ ಕಡೆ ನಡೆದರು. ಮಧ್ಯಾಹ್ನದೊಳಗೆ ಲಾರಿಗಳು ಓಡಾಡತೊಡಗಿದವು.

ಸಂಜೆ ಮನೆಗೆ ಬಂದರೆ ಅತ್ತಿ ಬಾಣಂತನಕ್ಕೆ ಕಟ್ಟಿಟ್ಟ ಗಂಟು ಬಿಚ್ಚುತ್ತಿದ್ದಳು. ಹಳೆಯ ಸೀರೆಯ ಮೆತ್ತನೆ ಅರಿವೆಗಳು, ಬಜೆ, ಕೊಬ್ಬರಿ, ಅಂಟು, ಎಲ್ಲವನ್ನೂ ತಿರುಗಿ ಟ್ರಂಕಿನಲ್ಲಿ ಇಡುತ್ತಿದ್ದಳು. ಮುಖದಲ್ಲಿ ಅಂಥ ಕಳೆಯನ್ನು ನಾನು ತಿಂಗಳುಗಟ್ಟಲೆ ಕಂಡಿರಲಿಲ್ಲ. ಇನ್ನು ತಾವರಗೇರಾಕ್ಕೆ ಹೋಗುವುದಿಲ್ಲ, ಮಗಳ ಬಾಣಂತನ ನನ್ನ ಮನೆಯಲ್ಲೇ ಎಂದಳು. ಅಕ್ಕ ಗೋಡೆಗೆ ಒರಗಿ ಕೂತು ನಗಲು ನೋಡಿದಳು. ಅವಳ ಎದೆಯ ಸದ್ದು ಹೊಸ್ತಿಲಿಗೇ ಕೇಳುತ್ತಿತ್ತು.

"ಅತ್ತಿ, ಬ್ಯಾಡ ಬೇ. ಅಕ್ಕನ್ನ ನಾಳೆನ ಕರಕೊಂಡು ಹೋಗು."

ಅವಳ ಕೈ ನಿಂತಿತು. "ಮುಂಜಾನಿ ಮೈಕಿನ್ಯಾಗ ಬ್ಯಾರೇನ ಹೇಳಿದೆಲ್ಲ?"

"ಅದು ಫ್ಯಾಕ್ಟರಿ ಒಳಗ ಅಳದಿದ್ದು. ನಮ್ಮ ಅಂಗಳದ್ದಲ್ಲ."

"ಮತ್ತ ಹಂಗಂತ ಅಲ್ಲೇ ಹೇಳಬೇಕಿಲ್ಲೇನು?"

ಅತ್ತಿ ಟ್ರಂಕನ್ನು ತನ್ನ ಕಡೆ ಎಳೆದುಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಚಿಕ್ಕಂದಿನಿಂದಲೂ ಅವಳ ಬೈಗುಳ ತಿಂದೇ ಬೆಳೆದವಳು ನಾನು.

"ನೌಕರಿ ಹೋಗ್ತೈತಂತ ಹೇಳಲಿಲ್ಲ. ಇರಲಿ, ನಿಮ್ಮಪ್ಪನ ಹೊಟ್ಟಿನೂ ನೋಡಬೇಕಲ್ಲ" ಎಂದಳು. ಅರಿವೆಗಳನ್ನು ಮತ್ತೆ ಒಂದೊಂದೇ ಹೊರಗೆ ತೆಗೆಯತೊಡಗಿದಳು. "ನನಗರ ಮನಿತನಕ ಬಂದು ಹೇಳಿದಿ. ಉಳಿದವ್ರು ಯಾರನ್ನ ಕೇಳಬೇಕು?"

ಅವಳು ಅದನ್ನು ಚುಚ್ಚಿ ಹೇಳಲಿಲ್ಲ, ನಿಜವಾಗಿಯೂ ಕೇಳಿದಳು. ಅದಕ್ಕೇ ಹೆಚ್ಚು ನೋವಾಯಿತು. ನಾಚಿಕೆ, ಸಿಟ್ಟು, ಮ್ಯಾನೇಜರ ಮೇಲೆ, ಸರ್ ಮೇಲೆ, ನನ್ನ ಮೇಲೆ, ಯಾವುದು ಯಾರ ಪಾಲಿನದು ಎಂದು ಬೇರೆ ಮಾಡಲು ಆಗಲಿಲ್ಲ. ಉಳಿದವರಿಗೂ ನಾನೇ ಹೇಳುತ್ತೇನೆ, ಆದದ್ದಾಗಲಿ ಎಂದುಕೊಂಡು ಮಲಗಿದೆ.

ಮರುದಿನ ಮುಂಜಾನೆ ಅತ್ತಿಯೂ ಅಕ್ಕನೂ ಕುಷ್ಟಗಿಯ ಬಸ್ಸು ಹತ್ತಿದರು, ಅಲ್ಲಿಂದ ತಾವರಗೇರಾಕ್ಕೆ ಬೇರೆ ಬಸ್ಸು. ಯಾಕೆ ಹೋಗುತ್ತೀರಿ ಎಂದು ಕೇಳಿದವರಿಗೆಲ್ಲ ತಂಗಿ ಹಟ ಹಿಡಿದಿದ್ದಾಳೆ ಎಂದು ಅತ್ತಿ ಸುಳ್ಳು ಹೇಳಿದಳು. ನನ್ನ ನೌಕರಿಗಾಗಿ ಅವಳು ಹೇಳಿದ ಸುಳ್ಳು ಅದು. ಬಸ್ಸು ಹೋಯಿತು. ನಾನು ಡ್ಯೂಟಿಯ ಬಟ್ಟೆಯಲ್ಲಿ ಅಲ್ಲೇ ನಿಂತು ಕಂಪನಿಯ ಗಾಡಿಗೆ ಕಾಯುತ್ತಿದ್ದೆ.

ನಮ್ಮ ಎದುರು ಮನೆಯ ಮುದುಕಿಯೂ ಅಲ್ಲಿದ್ದಳು, ಮಗನನ್ನು ಬಸ್ಸಿಗೆ ಕಳಿಸಲು ಬಂದವಳು. ಅವಳ ಸೊಸೆ ಯಲಬುರ್ಗಾ ಕಡೆಯ ತವರಿನಲ್ಲಿ ಹಡೆದು, ತಿಂಗಳುಗಳಾದರೂ ಅಲ್ಲೇ ಇದ್ದಳು. ಈ ಧೂಳಿನಲ್ಲಿ ಕೂಸು ಬೇಡವೆಂದು ಮುದುಕಿಯೇ ತಡೆದಿದ್ದಳು. ಮೊಮ್ಮಗನ ಮುಖವನ್ನು ಅವಳಿನ್ನೂ ಫೋನಿನಲ್ಲಷ್ಟೇ ನೋಡಿದ್ದಾಳೆ. ನಿನ್ನೆ ನಿನ್ನ ಮಾತು ಕೇಳಿದ್ದರಿಂದ ಈಗ ಸೊಸೆಯನ್ನೂ ಕೂಸನ್ನೂ ಕರೆತರಲು ಮಗನನ್ನು ಕಳಿಸುತ್ತಿದ್ದೇನೆ ಎಂದು ನನ್ನ ಕೈ ಹಿಡಿದುಕೊಂಡು ಹೇಳಿದಳು.

ಹಿಡಿದ ಕೈ ಬಿಡಿಸಿಕೊಳ್ಳದೆ ಹೇಳಿದೆ.

"ಈಗ ಬ್ಯಾಡ್ರಿ ಯಮ್ಮಾ. ಕೂಸಿಗೆ ಇಲ್ಲಿ ಗಾಳಿ ಛಲೋ ಇಲ್ಲ. ಅಲ್ಲೇ ಇರ್ಲಿ."

ಮುದುಕಿ ನನ್ನ ಮುಖ ನೋಡಿ ನಕ್ಕಳು. ಓದಿದ ಹುಡುಗಿ, ತನ್ನ ಮಾತಿಗೆ ಇಷ್ಟು ತೂಕ ಬಂದದ್ದಕ್ಕೆ ಸಂಕೋಚ ಪಡುತ್ತಿದ್ದಾಳೆ ಎಂದುಕೊಂಡಳೋ ಏನೋ. ನನ್ನ ಗಲ್ಲ ಸವರಿ ನೆಟಿಗೆ ತೆಗೆದಳು. ನಾನು ಮತ್ತೆ ಹೇಳಿದೆ. ಈ ಸಲ ಯಂತ್ರ ಎಲ್ಲಿದೆ ಎಂಬುದನ್ನೂ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು.

"ನಿನ್ನಂಥಾ ಓದಿದಾಕಿ ಮೈಕಿನ್ಯಾಗ ಒಂದು, ಹಾದ್ಯಾಗ ಒಂದು ಹೇಳ್ತಾಳೇನವ್ವ?"

ಯಲಬುರ್ಗಾದ ಬಸ್ಸು ಬಂತು, ಮಗ ಹತ್ತಿಕೊಂಡ. ಅದರ ಹಿಂದೆಯೇ ಕಂಪನಿಯ ಗಾಡಿ ಬಂದು ನಿಂತಿತು. ನಾನು ನಿಂತೇ ಇದ್ದೆ. ಮುದುಕಿಯೇ ಕಟ್ಟೆಯ ಮೇಲಿದ್ದ ನನ್ನ ಊಟದ ಡಬ್ಬಿ ಎತ್ತಿ ಕೈಗೆ ಕೊಟ್ಟು, ತಡವಾದೀತು, ಹತ್ತು ಎಂದಳು.